ಮಕ್ಕಳ ರಕ್ಷಣೆಯ ಮೇಲ್ವಿಚಾರಕರಿಗೆ ಎಂ.ಎಸ್.ಡಬ್ಲ್ಯು. ಓದು: ಶುಲ್ಕ ಕಟ್ಟುವ ಮೊದಲು ಕೇಳಬೇಕಾದದ್ದು

ಮಂಡ್ಯದ ಒಂದು ಸ್ವಯಂಸೇವಾ ಸಂಸ್ಥೆಯಲ್ಲಿ ಮಕ್ಕಳ ರಕ್ಷಣೆಯ ಕ್ಷೇತ್ರ ಕಾರ್ಯಕರ್ತೆಯರ ತಂಡವನ್ನು ನೋಡಿಕೊಳ್ಳುವುದು ನನ್ನ ಕೆಲಸ. ಹುದ್ದೆಯ ಹೆಸರು ಮೇಲ್ವಿಚಾರಕಿ. ಕೆಲಸ ಬಿಡದೆ, ದೂರಶಿಕ್ಷಣದಲ್ಲಿ ಎಂ.ಎಸ್.ಡಬ್ಲ್ಯು., ಅಂದರೆ ಸಮಾಜಕಾರ್ಯದ ಸ್ನಾತಕೋತ್ತರ ಪದವಿ ಮುಗಿಸಿದ್ದೇನೆ. ಸಂಪರ್ಕ ತರಗತಿಗಳು ಮೈಸೂರಿನ ಒಂದು ಅಧ್ಯಯನ ಕೇಂದ್ರದಲ್ಲಿ ಭಾನುವಾರಗಳಂದು ನಡೆಯುತ್ತಿದ್ದವು. ಫಲಿತಾಂಶ ಬಂದಾಗಿನಿಂದ ನಾಗಮಂಗಲ, ಮಳವಳ್ಳಿ, ಕೆ.ಆರ್. ಪೇಟೆ ಕಡೆಯ ಸಹೋದ್ಯೋಗಿಗಳು ಫೋನ್ ಮಾಡಿ ಸೇರಬಹುದೇ ಎಂದು ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೆ ಅರ್ಧಂಬರ್ಧ ಹೇಳುವುದಕ್ಕಿಂತ ಒಮ್ಮೆ ಪೂರ್ತಿಯಾಗಿ ಬರೆಯುವುದು ಮೇಲೆನಿಸಿತು. ಕೇಂದ್ರದ ಹೆಸರನ್ನು ಹಾಕುವುದಿಲ್ಲ. ನಾನು ಕಂಡ ಕೊರತೆಗಳನ್ನು ಬೇರೆ ಕಡೆ ಓದಿದ ಗೆಳತಿಯರೂ ಹೇಳಿದ್ದಾರೆ. ಒಂದು ಕಡೆಯ ಹೆಸರು ಬರೆದು ಉಳಿದವರೆಲ್ಲ ಸರಿಯಿದ್ದಾರೆ ಎಂಬ ಭಾವನೆ ಹುಟ್ಟಿಸುವುದು ನನಗೆ ಬೇಡ.

ಮೊದಲೇ ಹೇಳಿಬಿಡುತ್ತೇನೆ: ಈ ಓದು ನನಗೆ ಬಹಳ ಕೊಟ್ಟಿದೆ. ಕೊಟ್ಟದ್ದರಲ್ಲಿ ಮುಕ್ಕಾಲು ಪಾಲು ಬಂದದ್ದು ಕ್ಷೇತ್ರಕಾರ್ಯದ ಮಾರ್ಗದರ್ಶಕಿಯೊಬ್ಬರು ನನ್ನ ಎದುರು ಕುಳಿತು ಕಳೆದ ಗಂಟೆಗಳಿಂದ. ಆ ಗಂಟೆಗಳು ಸಿಗದ ಸಹಪಾಠಿಗಳ ಕೈಗೆ ಅದೇ ಶುಲ್ಕಕ್ಕೆ ಒಂದು ಪ್ರಮಾಣಪತ್ರ ಮಾತ್ರ ಬಂದಿದೆ.

ನಮ್ಮ ಕೆಲಸದ ಪರಿಚಯ ಇಲ್ಲದವರಿಗೆ ಎರಡು ಮಾತು ಹೇಳಬೇಕು. ಪಾಲನೆ, ರಕ್ಷಣೆ ಬೇಕಾದ ಮಗು ಸಿಕ್ಕಿದರೆ ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು ಎಂದು 2015ರ ಬಾಲನ್ಯಾಯ ಕಾಯ್ದೆ ಹೇಳುತ್ತದೆ. ಸಮಿತಿಯಲ್ಲಿ ಅಧ್ಯಕ್ಷರ ಜೊತೆ ನಾಲ್ವರು ಸದಸ್ಯರು ಇರುತ್ತಾರೆ. ಮಗುವನ್ನು ಮನೆಗೆ ಕಳುಹಿಸಬೇಕೇ, ಬಾಲಮಂದಿರದಲ್ಲಿ ಇರಿಸಬೇಕೇ, ಅಜ್ಜಿಗೋ ಚಿಕ್ಕಮ್ಮನಿಗೋ ಒಪ್ಪಿಸಬೇಕೇ ಎಂದು ಅವರು ತೀರ್ಮಾನಿಸುವುದು ಬಹುಮಟ್ಟಿಗೆ ಸಾಮಾಜಿಕ ತನಿಖಾ ವರದಿಯನ್ನು ನೋಡಿ. ವರದಿಗೆ ಇರುವ ಅವಧಿ 15 ದಿನ. ಅದನ್ನು ಬರೆಯುವವಳು ನನ್ನ ತಂಡದ ಇಪ್ಪತ್ತೈದು ವರ್ಷದ ಹುಡುಗಿ. ದ್ವಿಚಕ್ರ ವಾಹನದಲ್ಲಿ ಹಳ್ಳಿಗೆ ಹೋಗಿ, ಬೈಗುಳ ಕೇಳಿ, ಕೆಲವೊಮ್ಮೆ ನೀರೂ ಕುಡಿಯದೆ ಬಂದು ರಾತ್ರಿ ಬರೆಯುತ್ತಾಳೆ. ಆ ವರದಿಯನ್ನು ಓದಿ ಸಹಿ ಹಾಕುವವಳು ನಾನು. ಬಾವಿಗೆ ಇಳಿದವನ ಜೀವ ಮೇಲೆ ಹಗ್ಗ ಹಿಡಿದವನ ಕೈಯಲ್ಲಿರುತ್ತದೆ. ಮೇಲ್ವಿಚಾರಕರ ಕೆಲಸವೂ ಅಂಥದ್ದು ಎಂದು ನಾನು ನಂಬಿದ್ದೇನೆ. ಆದರೆ ಹಗ್ಗ ಹಿಡಿಯುವುದನ್ನು ನಮಗೆ ಯಾರೂ ಕಲಿಸುವುದಿಲ್ಲ. ಒಳ್ಳೆಯ ಕಾರ್ಯಕರ್ತೆಯಾಗಿ ಕೆಲವು ವರ್ಷ ದುಡಿದರೆ ಒಂದು ದಿನ ಮೇಲ್ವಿಚಾರಕಿ ಎಂದು ಆದೇಶ ಬರುತ್ತದೆ, ಅಷ್ಟೇ. ಕಲಿಯಲೇಬೇಕು ಎಂದು ನಾನು ಓದಿಗೆ ಸೇರಿದ್ದು ಇದಕ್ಕಾಗಿ.

ತರಗತಿಯ ವಿಚಾರಕ್ಕೆ ಬರುತ್ತೇನೆ. ಮಂಡ್ಯದಿಂದ ಮೈಸೂರು ಸುಮಾರು 45 ಕಿಲೋಮೀಟರ್. ರೈಲಿನಲ್ಲಿ ಹೋದರೆ ಖರ್ಚು ಕಡಿಮೆ, ಓದಲು ಸಮಯವೂ ಸಿಗುತ್ತದೆ. ಕೇಂದ್ರದ ಕಟ್ಟಡ, ಕುರ್ಚಿ, ಶೌಚಾಲಯ ಯಾವುದಕ್ಕೂ ನನ್ನ ದೂರಿಲ್ಲ. ಸಹಪಾಠಿಗಳು ಈ ಓದಿನ ದೊಡ್ಡ ಸಂಪತ್ತು. ಅಂಗನವಾಡಿ ಮೇಲ್ವಿಚಾರಕಿಯರಿದ್ದರು, ವಸತಿ ನಿಲಯದ ನಿಲಯಪಾಲಕರಿದ್ದರು, ಆಸ್ಪತ್ರೆಯ ಆಪ್ತಸಮಾಲೋಚಕಿ ಒಬ್ಬರಿದ್ದರು, ಆಗಷ್ಟೇ ಪದವಿ ಮುಗಿಸಿದ ಹುಡುಗರೂ ಇದ್ದರು. ಇಪ್ಪತ್ತಕ್ಕೂ ಹೆಚ್ಚು ಅಂಗನವಾಡಿಗಳನ್ನು ಸುತ್ತುವ ಒಬ್ಬರ ಜೊತೆ ಊಟದ ಡಬ್ಬಿ ಹಂಚಿಕೊಂಡು ಮಾತನಾಡಿದರೆ, ಒಂದು ಹಳ್ಳಿಯಲ್ಲಿ ಯಾವ ಮನೆಯ ಹುಡುಗಿ ಶಾಲೆ ಬಿಟ್ಟಳು, ಯಾಕೆ ಬಿಟ್ಟಳು ಎಂಬ ಸುದ್ದಿ ಮೊದಲು ಎಲ್ಲಿಗೆ ಬರುತ್ತದೆ ಎಂದು ಗೊತ್ತಾಗುತ್ತದೆ. ಬಾಲ್ಯವಿವಾಹದ ಕರೆ ನಮಗೆ ಬರುವುದು ಚಪ್ಪರ ಹಾಕಿದ ಮೇಲೆ. ಅಂಗನವಾಡಿಯವರಿಗೆ ಅದು ಗಂಡಿನ ಕಡೆಯವರು ನೋಡಿಕೊಂಡು ಹೋದಾಗಲೇ ತಿಳಿದಿರುತ್ತದೆ. ಈಗ ನಾವು ಒಬ್ಬರಿಗೊಬ್ಬರು ಫೋನ್ ಮಾಡಿಕೊಳ್ಳುತ್ತೇವೆ. ಪಠ್ಯಕ್ರಮದಲ್ಲಿ ಇಲ್ಲದ ಲಾಭ ಇದು.

ಮೊದಲ ವರ್ಷದ ಪತ್ರಿಕೆಗಳಲ್ಲಿ ಇತಿಹಾಸ ಚೆನ್ನಾಗಿದೆ. 1869ರಲ್ಲಿ ಲಂಡನ್ನಿನಲ್ಲಿ ಆರಂಭವಾದ ದಾನ ಸಂಘಟನಾ ಸೊಸೈಟಿ, 1889ರಲ್ಲಿ ಷಿಕಾಗೋದಲ್ಲಿ ಜೇನ್ ಆಡಮ್ಸ್ ಬಡ ವಲಸಿಗರ ನೆರವಿಗೆ ಕಟ್ಟಿದ ಹಲ್ ಹೌಸ್, ಅದೇ ಊರಿನಲ್ಲಿ 1899ರಲ್ಲಿ ಬಂದ ಬಾಲ ನ್ಯಾಯಾಲಯ, 1936ರಲ್ಲಿ ಮುಂಬೈಯಲ್ಲಿ ಶುರುವಾಗಿ ಮುಂದೆ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯಾದ ಶಾಲೆ, 1960ರಲ್ಲಿ ಮಂಗಳೂರಿನಲ್ಲಿ ತೆರೆದ ಸಮಾಜಕಾರ್ಯ ಕಾಲೇಜು ರೋಶನಿ ನಿಲಯ. ಪರೀಕ್ಷೆಗೆ ಉರು ಹೊಡೆಯುವ ವಿಷಯ ಎಂದು ಹಲವರು ಇದನ್ನು ಹಾರಿಸುತ್ತಾರೆ. ನನಗೆ ಹಾಗನ್ನಿಸಲಿಲ್ಲ. ತಪ್ಪು ಮಾಡಿದ ಮಗುವನ್ನು ದೊಡ್ಡವರ ನ್ಯಾಯಾಲಯದ ಕಟಕಟೆಯಲ್ಲಿ ನಿಲ್ಲಿಸಬಾರದು ಎಂದು ಜನ ಹೋರಾಡಿ ಪಡೆದ ವ್ಯವಸ್ಥೆಯ ಮುಂದುವರಿಕೆಯೇ ನಮ್ಮ ಬಾಲನ್ಯಾಯ ಮಂಡಳಿ. ಮಂಡಳಿಯಲ್ಲಿ ನ್ಯಾಯಾಧೀಶರ ಪಕ್ಕದಲ್ಲಿ ಇಬ್ಬರು ಸಮಾಜಕಾರ್ಯಕರ್ತರು ಯಾಕೆ ಕೂರುತ್ತಾರೆ ಎಂಬುದು ಈ ಚರಿತ್ರೆಯನ್ನು ಓದಿದ ಮೇಲೆ ನನಗೆ ಸ್ಪಷ್ಟವಾಯಿತು. ಅವರು ಕೂರುವುದು ಆ ಮಗುವಿನ ಮನೆ, ಬೀದಿ, ಶಾಲೆ ಆ ಕೋಣೆಯೊಳಕ್ಕೆ ಬರಲಿ ಎಂದು.

ಮಕ್ಕಳ ಕಾನೂನಿನ ಘಟಕ ಮಾತ್ರ ಹಳತಾಗಿದೆ. ಇದನ್ನು ನಾನು ಬಲವಾಗಿ ಹೇಳಬೇಕು. ನನಗೆ ಕೊಟ್ಟ ಪಠ್ಯದಲ್ಲಿ ದತ್ತು ಆದೇಶ ಕೊಡುವುದು ನ್ಯಾಯಾಲಯ ಎಂದೇ ಇತ್ತು. 2021ರ ತಿದ್ದುಪಡಿ 2022ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂದ ಮೇಲೆ ಆ ಅಧಿಕಾರ ಜಿಲ್ಲಾ ದಂಡಾಧಿಕಾರಿಗಳದ್ದು, ಅಂದರೆ ಜಿಲ್ಲಾಧಿಕಾರಿಗಳದ್ದು. 1098 ಮಕ್ಕಳ ಸಹಾಯವಾಣಿಯ ಬಗ್ಗೆ ಬರೆದದ್ದೂ ಹಾಗೆಯೇ. ಅದು 1996ರಲ್ಲಿ ಮುಂಬೈಯಲ್ಲಿ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ಒಂದು ಯೋಜನೆಯಾಗಿ ಹುಟ್ಟಿದ್ದು, ಊರೂರಿನ ಸ್ವಯಂಸೇವಾ ಸಂಸ್ಥೆಗಳು ಅದನ್ನು ನಡೆಸುತ್ತಿದ್ದದ್ದು ನಿಜ. ಆದರೆ 2023ರಿಂದ ಅದನ್ನು ಸರ್ಕಾರದ ನಿಯಂತ್ರಣ ಕೊಠಡಿಗಳಿಗೆ ವಹಿಸಿ 112ರ ಜೊತೆ ಜೋಡಿಸುವ ಕೆಲಸ ನಡೆದಿದೆ. ಪಠ್ಯದಲ್ಲಿ ಇದರ ಸುಳಿವೂ ಇರಲಿಲ್ಲ. ಮಕ್ಕಳ ರಕ್ಷಣೆಗಾಗಿ ಇರುವ ಕೇಂದ್ರ ಸರ್ಕಾರದ ಯೋಜನೆ ಮಿಷನ್ ವಾತ್ಸಲ್ಯದಡಿ ಪ್ರಾಯೋಜಕತ್ವದಲ್ಲಿ, ಅಂದರೆ ಮಗುವನ್ನು ಮನೆಯಲ್ಲೇ ಸಾಕಲು ಕೊಡುವ ನೆರವಿನಲ್ಲಿ, ಒಂದು ಮಗುವಿಗೆ ತಿಂಗಳಿಗೆ 4,000 ರೂಪಾಯಿ ಸಿಗುತ್ತದೆ. ಅಪ್ಪ ತೀರಿಕೊಂಡು ಅಮ್ಮ ಗಾರ್ಮೆಂಟ್ಸ್‌ಗೆ ಹೋಗುವ ಮನೆಯ ಮಗು ಬಾಲಮಂದಿರಕ್ಕೆ ಹೋಗದೆ ಮನೆಯಲ್ಲೇ ಉಳಿಯಲು ಆ ಹಣ ಸಾಕಾಗುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಪಠ್ಯದಲ್ಲಿ ಅದರ ಬಗ್ಗೆಯೂ ಒಂದು ಸಾಲಿಲ್ಲ. ಕಾನೂನನ್ನು ದಿನವೂ ಬಳಸುವ ನಮ್ಮಂಥವರಿಗೆ ಇದರಿಂದ ಹಾನಿಯಿಲ್ಲ, ತಪ್ಪನ್ನು ಗುರುತಿಸುತ್ತೇವೆ. ಹೊಸ ಹುಡುಗರು ಅದನ್ನೇ ಸತ್ಯವೆಂದು ನಂಬಿ ಕ್ಷೇತ್ರಕ್ಕೆ ಬರುತ್ತಾರೆ. ಬೋಧಕರಿಗೆ ಹೇಳಿದಾಗ ಅವರು ಬೇಸರಿಸಲಿಲ್ಲ, ಮುಂದಿನ ಭಾನುವಾರ ಅರ್ಧ ಗಂಟೆ ನನಗೇ ಬಿಟ್ಟುಕೊಟ್ಟರು. ಅವರ ದೊಡ್ಡತನವನ್ನು ನೆನೆಯುತ್ತೇನೆ. ಆದರೂ ಪಠ್ಯ ತಿದ್ದುವ ಹೊಣೆ ವಿದ್ಯಾರ್ಥಿಯದ್ದಾಗಬಾರದು.

ಸಾಮಾಜಿಕ ಸಮಸ್ಯೆಗಳ ಪತ್ರಿಕೆಯ ಒಂದು ತರಗತಿ ನೆನಪಿನಲ್ಲಿ ಉಳಿದಿದೆ. ಲಿಂಗಾನುಪಾತದ ಪಾಠ. ಪುಸ್ತಕದಲ್ಲಿ ಇದ್ದದ್ದು ದೂರದ ರಾಜ್ಯಗಳ ಅಂಕಿಗಳು. ಹಿಂದಿನ ಸಾಲಿನಿಂದ ಒಬ್ಬರು ಎದ್ದು ನಮ್ಮ ಜಿಲ್ಲೆಯ ಆಲೆಮನೆಯ ಸಂಗತಿಯನ್ನು ಎತ್ತಿದರು. 2023ರಲ್ಲಿ ಬೆಂಗಳೂರು ಪೊಲೀಸರು ಬಯಲಿಗೆಳೆದ ಭ್ರೂಣಹತ್ಯೆ ಜಾಲ ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟುಕೊಂಡು ಲಿಂಗ ಪತ್ತೆ ಮಾಡುತ್ತಿತ್ತು. ಭ್ರೂಣಲಿಂಗ ಪತ್ತೆಯನ್ನು ನಿಷೇಧಿಸುವ ಕಾಯ್ದೆ 1994ರಿಂದ ಇದೆ. ಬೆಲ್ಲ ಕಾಯಿಸುವ ಜಾಗದಲ್ಲಿ ಅದು ನಡೆಯುತ್ತಿತ್ತು, ದಿನವೂ ಅದೇ ದಾರಿಯಲ್ಲಿ ಕಬ್ಬಿನ ಗಾಡಿಗಳು ಹೋಗುತ್ತಿದ್ದವು. ಆಮೇಲೆ ತರಗತಿಯಲ್ಲಿ ಯಾರೂ ಪುಸ್ತಕ ನೋಡಲಿಲ್ಲ. ಹಾಗೆ ಲಿಂಗ ಪತ್ತೆ ಮಾಡಿಸುವ ಮನೆಗಳಲ್ಲಿ ಈಗಾಗಲೇ ಹುಟ್ಟಿರುವ ಹೆಣ್ಣುಮಕ್ಕಳ ಸ್ಥಿತಿ ಏನು, ಎರಡನೆಯ ಮಗಳು, ಮೂರನೆಯ ಮಗಳು ಶಾಲೆಯಲ್ಲಿ ಎಷ್ಟು ವರ್ಷ ಉಳಿಯುತ್ತಾಳೆ, ಅವಳ ಮದುವೆಗೆ ಯಾಕೆ ಅಷ್ಟು ಅವಸರ ಎಂದು ಮಾತು ಬೆಳೆಯಿತು. ಇಂಥ ತರಗತಿಗಳು ಇನ್ನೂ ಇದ್ದಿದ್ದರೆ ಎಂದು ಆಸೆಯಾಗುತ್ತದೆ.

ಸಂಶೋಧನಾ ವಿಧಾನ, ಸಂಖ್ಯಾಶಾಸ್ತ್ರ, ಸಮಾಜ ಕಲ್ಯಾಣ ಆಡಳಿತ: ಪರವಾಗಿಲ್ಲ. ಪಾಸಾಗಲು ಕಷ್ಟವಿಲ್ಲ.

ಈಗ ನಾನು ಸೇರಿದ್ದ ಉದ್ದೇಶಕ್ಕೆ ಬರುತ್ತೇನೆ. ಮೇಲ್ವಿಚಾರಣೆಯ ಬಗ್ಗೆ ಪಠ್ಯದಲ್ಲಿ ಇರುವುದು ಆಡಳಿತದ ಪತ್ರಿಕೆಯೊಳಗಿನ ಕೆಲವೇ ಪುಟಗಳು. ಅಮೆರಿಕದ ಆಲ್ಫ್ರೆಡ್ ಕಡೂಷಿನ್ 1970ರ ದಶಕದಲ್ಲಿ ಮಾಡಿಕೊಟ್ಟ ಮೂರು ಭಾಗದ ವಿಂಗಡಣೆ ಅಲ್ಲಿದೆ: ಆಡಳಿತ, ಕಲಿಸುವಿಕೆ, ಆಸರೆ. ಕಾರ್ಯಕರ್ತೆ ನಿಯಮದಂತೆ ಕೆಲಸ ಮಾಡುತ್ತಿದ್ದಾಳೆಯೇ ಎಂದು ನೋಡುವುದು ಮೊದಲನೆಯದು, ಅವಳಿಗೆ ಗೊತ್ತಿಲ್ಲದ್ದನ್ನು ಕಲಿಸುವುದು ಎರಡನೆಯದು, ಅವಳು ಕುಸಿಯದಂತೆ ಜೊತೆಗಿರುವುದು ಮೂರನೆಯದು. ನಮ್ಮ ಕ್ಷೇತ್ರದಲ್ಲಿ ಮೇಲ್ವಿಚಾರಣೆ ಎಂದರೆ ಮೊದಲನೆಯದೊಂದೇ ಎಂಬ ರೂಢಿ ಬೇರೂರಿದೆ. ಸೋಮವಾರದ ಸಭೆಯಲ್ಲಿ ಎಷ್ಟು ಮನೆಭೇಟಿ, ಎಷ್ಟು ವರದಿ, ಎಷ್ಟು ಜಾಗೃತಿ ಕಾರ್ಯಕ್ರಮ, ಫೋಟೊ ಕಳುಹಿಸಿದಿರಾ ಎಂದು ಕೇಳುತ್ತಾರೆ. ಪೋಕ್ಸೊ, ಅಂದರೆ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆ ಕಾಯ್ದೆಯ ಪ್ರಕರಣದ ಮಗುವಿಗೆ ಬೆಂಬಲ ವ್ಯಕ್ತಿಯಾಗಿ ನೇಮಕವಾದವಳು ಆ ಮಗುವಿನ ಜೊತೆ ಪೊಲೀಸ್ ಠಾಣೆ, ಆಸ್ಪತ್ರೆ, ನ್ಯಾಯಾಲಯ ಎಲ್ಲ ಕಡೆಯೂ ಇರುತ್ತಾಳೆ. ಮಗು ಹೇಳಿದ್ದನ್ನೆಲ್ಲ ಕೇಳಿರುತ್ತಾಳೆ. ಅಂದು ರಾತ್ರಿ ಅವಳು ಊಟ ಮಾಡಿದಳೇ ಎಂದು ಯಾವ ನಮೂನೆಯೂ ಕೇಳುವುದಿಲ್ಲ. ಆ ಪ್ರಶ್ನೆಯನ್ನು ಯಾರಾದರೂ ಕೇಳಲೇಬೇಕು, ಅದು ನನ್ನ ಕೆಲಸದ ಭಾಗ ಎಂಬ ಮಾತನ್ನು ಪಠ್ಯದ ಆ ಕೆಲವು ಪುಟಗಳು ನನಗೆ ಅಧಿಕೃತವಾಗಿ ಕೊಟ್ಟವು. ಹೇಗೆ ಕೇಳಬೇಕು ಎಂಬುದನ್ನು ಕೊಡಲಿಲ್ಲ.

ಅದು ಸಿಕ್ಕಿದ್ದು ಕ್ಷೇತ್ರಕಾರ್ಯದಲ್ಲಿ. ಎಂ.ಎಸ್.ಡಬ್ಲ್ಯು. ಓದುವ ಎಲ್ಲರಿಗೂ ಕ್ಷೇತ್ರಕಾರ್ಯ ಕಡ್ಡಾಯ. ಒಂದು ಸಂಸ್ಥೆಯಲ್ಲಿ ಕೆಲಸ ಮಾಡಬೇಕು, ಮಾಡಿದ್ದನ್ನು ಬರೆಯಬೇಕು, ಬರೆದದ್ದನ್ನು ಮಾರ್ಗದರ್ಶಕರು ಓದಿ ವಿದ್ಯಾರ್ಥಿಯ ಜೊತೆ ಪ್ರತ್ಯೇಕವಾಗಿ ಕುಳಿತು ಚರ್ಚಿಸಬೇಕು. ನನ್ನ ಮಾರ್ಗದರ್ಶಕಿ ಆಸ್ಪತ್ರೆಯೊಂದರಲ್ಲಿ ಸಮಾಜಕಾರ್ಯಕರ್ತೆಯಾಗಿ ದುಡಿದು ನಿವೃತ್ತರಾದವರು, ಮೈಸೂರಿನ ಸರಸ್ವತಿಪುರಂ ನಿವಾಸಿ. ನಮ್ಮಿಬ್ಬರ ನಡುವೆ ಮೇಜು ಇರಬಾರದು ಎಂಬುದು ಅವರ ಮೊದಲ ಷರತ್ತು, ಮೊಬೈಲ್ ಚೀಲದೊಳಗೆ ಇರಬೇಕು ಎಂಬುದು ಎರಡನೆಯದು. ಕ್ಷೇತ್ರದಲ್ಲಿ ನಡೆದ ಸಂಭಾಷಣೆಯನ್ನು ಇದ್ದದ್ದು ಇದ್ದಂತೆ ಬರೆಸುತ್ತಿದ್ದರು. ಎಡಗಡೆ ಎದುರಿನವರು ಹೇಳಿದ್ದು, ನಾನು ಹೇಳಿದ್ದು. ಬಲಗಡೆ ಆ ಕ್ಷಣ ನನಗೆ ಏನನ್ನಿಸಿತು ಎಂಬುದು. ಬಲಗಡೆ ಖಾಲಿ ಬಿಟ್ಟರೆ ಓದುತ್ತಲೇ ಇರಲಿಲ್ಲ.

ಎರಡನೆಯ ವರ್ಷ ನಾನು ನನ್ನ ಸ್ವಂತ ಸಮಸ್ಯೆಯನ್ನೇ ಅವರ ಮುಂದಿಟ್ಟೆ. ತಂಡದ ಒಬ್ಬಳು ಬರೆದ ತನಿಖಾ ವರದಿ, ಮಗುವಿನ ಹೆಸರು, ಊರು ಎಲ್ಲ ಅಳಿಸಿದ್ದು. ಕಬ್ಬು ಕಡಿಯಲು ಬೇರೆ ಜಿಲ್ಲೆಯಿಂದ ಬಂದ ಕುಟುಂಬದ ಹುಡುಗ, ಬಸ್ ನಿಲ್ದಾಣದಲ್ಲಿ ಒಬ್ಬನೇ ಸಿಕ್ಕಿದವನು. ವರದಿಯಲ್ಲಿ ಒಂದು ವಾಕ್ಯ ಹೀಗಿತ್ತು: ‘ತಾಯಿಗೆ ಮಗುವಿನ ಬಗ್ಗೆ ಆಸಕ್ತಿ ಕಂಡುಬರಲಿಲ್ಲ.’ ಈ ಒಂದು ಸಾಲಿನಿಂದ ಹುಡುಗ ಬಾಲಮಂದಿರದಲ್ಲಿ ಉಳಿಯಬಹುದು. ಇದನ್ನು ತಿದ್ದಿಸುವುದು ಹೇಗೆ ಎಂದು ಕೇಳಿದೆ. ತಿದ್ದಿಸುವ ಮಾತನ್ನು ಅವರು ಎತ್ತಲೇ ಇಲ್ಲ.

‘ಈ ಹುಡುಗಿ ಆ ತಾಯಿಯ ಜೊತೆ ಮಾತನಾಡುವಾಗ ಎಲ್ಲಿ ನಿಂತಿದ್ದಳು?’ ಎಂದು ಕೇಳಿದರು.

‘ಗೊತ್ತಿಲ್ಲ, ಮೇಡಂ.’

‘ಕೇಳಿಕೊಂಡು ಬನ್ನಿ. ತಾಯಿಯ ಕೈಯಲ್ಲಿ ಏನಿತ್ತು ಎಂಬುದನ್ನೂ ಕೇಳಿ. ಆಸಕ್ತಿ ಇರಲಿಲ್ಲ ಎಂದು ಯಾಕೆ ಬರೆದೆ ಎಂದು ಮಾತ್ರ ಕೇಳಬೇಡಿ.’

ಕೇಳಿದೆ. ಅವಳು ಗದ್ದೆಯ ಬದುವಿನ ಮೇಲೆ ನಿಂತಿದ್ದಳು. ತಾಯಿಯ ಕೈಯಲ್ಲಿ ಕಬ್ಬಿನ ಹೊರೆ ಇತ್ತು. ಲಾರಿ ಕಾಯುತ್ತಿತ್ತು. ಗುಂಪಿಗೆ ಕೂಲಿ ಸಿಗುವುದು ಟನ್ ಲೆಕ್ಕದಲ್ಲಿ, ಒಬ್ಬರು ಕೈ ನಿಲ್ಲಿಸಿದರೆ ಇಡೀ ಗುಂಪಿಗೆ ನಷ್ಟ. ಆ ತಾಯಿ ತಲೆ ಎತ್ತದೆ ಉತ್ತರ ಕೊಟ್ಟಿದ್ದಳು. ಇದನ್ನೆಲ್ಲ ನನಗೆ ಹೇಳುತ್ತಾ ಹೇಳುತ್ತಾ ಹುಡುಗಿಯೇ ಮಾತು ನಿಲ್ಲಿಸಿ, ‘ಅಕ್ಕ, ಸಂಜೆ ಗುಡಿಸಲಿಗೆ ಹೋಗಿ ಬರುತ್ತೇನೆ’ ಎಂದಳು. ಹೋದಳು. ಮಗನ ಅಂಗಿಯನ್ನು ತಲೆದಿಂಬಿನ ಕೆಳಗೆ ಇಟ್ಟುಕೊಂಡು ಮಲಗುತ್ತಿದ್ದ ತಾಯಿಯನ್ನು ಕಂಡು ಬಂದಳು. ವರದಿಯನ್ನು ಪೂರ್ತಿ ಹೊಸದಾಗಿ ಬರೆದಳು. ನಾನು ಒಂದು ಅಕ್ಷರವನ್ನೂ ತಿದ್ದಲಿಲ್ಲ.

ಈ ಒಂದು ಪಾಠಕ್ಕೆ ಎರಡು ವರ್ಷದ ಶುಲ್ಕ ಕಟ್ಟಲು ನಾನು ಈಗಲೂ ಸಿದ್ಧ. ಮೇಲಿನವರು ಕಾರ್ಯಕರ್ತೆಯನ್ನು ಹೇಗೆ ಕೇಳುತ್ತಾರೋ ಅವಳು ಮನೆಯವರನ್ನು ಹಾಗೆಯೇ ಕೇಳುತ್ತಾಳೆ. ಗದರಿಸಿಕೊಂಡವಳು ಹಳ್ಳಿಯಲ್ಲಿ ಗದರಿಸುತ್ತಾಳೆ. ಬಾಲ್ಯವಿವಾಹ ತಡೆಯಲು ಹೋದಾಗ ಇದು ಎದ್ದು ಕಾಣುತ್ತದೆ. ಕರ್ನಾಟಕದ ತಿದ್ದುಪಡಿಯ ಪ್ರಕಾರ ಅಂಥ ಮದುವೆ ಮೊದಲಿನಿಂದಲೇ ಅಸಿಂಧು. ಅಧಿಕಾರಿಗಳು ಬರುತ್ತಾರೆ, ತಂದೆ ತಾಯಿಯಿಂದ ಮುಚ್ಚಳಿಕೆ ಬರೆಸಿಕೊಳ್ಳುತ್ತಾರೆ, ಜೀಪು ಹೊರಡುತ್ತದೆ. ಆಮೇಲೆ ಆ ಹುಡುಗಿಯ ಮನೆಗೆ ತಿಂಗಳುಗಟ್ಟಲೆ ಹೋಗಿಬರಬೇಕಾದವಳು ನಮ್ಮ ಕಾರ್ಯಕರ್ತೆ. ಚಪ್ಪರದ ಕೆಳಗೆ ಆಡಿದ ಮಾತು ಬಿರುಸಾಗಿದ್ದರೆ ಆ ಮನೆಯ ಬಾಗಿಲು ಮತ್ತೆ ತೆರೆಯುವುದಿಲ್ಲ. ನಮ್ಮ ತಂಡದಲ್ಲಿ ಈಗ ಸೋಮವಾರದ ಲೆಕ್ಕದ ಸಭೆ ಮೊದಲಿಗಿಂತ ಚಿಕ್ಕದಾಗಿದೆ. ಬದಲಾಗಿ ಪ್ರತಿಯೊಬ್ಬಳ ಜೊತೆ ವಾರಕ್ಕೊಮ್ಮೆ ಬೇರೆಯಾಗಿ ಕೂರುತ್ತೇನೆ. ಮೊದಲ ಹದಿನೈದು ನಿಮಿಷ ಕಡತ ತೆರೆಯುವುದಿಲ್ಲ. ಸಂಸ್ಥೆಯ ಕಾರ್ಯದರ್ಶಿಗಳು ಆರಂಭದಲ್ಲಿ ಇಷ್ಟು ಸಮಯ ಎಲ್ಲಿಂದ ತರುತ್ತೀರಿ ಎಂದು ಕೇಳಿದರು. ವರದಿಗಳು ಸಮಿತಿಯಿಂದ ವಾಪಸು ಬರುವುದು ಕಡಿಮೆಯಾದದ್ದನ್ನು ನೋಡಿ ಈಗ ಅವರೇ ಬೇರೆ ತಂಡಗಳಿಗೂ ಹೀಗೆ ಮಾಡಲು ಹೇಳಿದ್ದಾರೆ.

ಆದರೆ ನನ್ನ ಸಹಪಾಠಿಗಳಲ್ಲಿ ಎಲ್ಲರಿಗೂ ಇಂಥ ಮಾರ್ಗದರ್ಶಕರು ಸಿಗಲಿಲ್ಲ ಎಂಬುದು ನನ್ನ ದೊಡ್ಡ ದೂರು. ಹಲವರಿಗೆ ಮಾರ್ಗದರ್ಶಕರು ಎಂದರೆ ಸೆಮಿಸ್ಟರ್ ಕೊನೆಯಲ್ಲಿ ಸಹಿ ಹಾಕುವವರು. ಒಬ್ಬ ಮಾರ್ಗದರ್ಶಕರಿಗೆ ಎಷ್ಟು ಜನ ವಿದ್ಯಾರ್ಥಿಗಳನ್ನು ಹಂಚಿದ್ದರೆಂದರೆ ಅವರಿಗೆ ಮುಖಗಳೇ ನೆನಪಿರಲಿಲ್ಲ. ಪುಟಗಟ್ಟಲೆ ಬರೆದ ಕ್ಷೇತ್ರಕಾರ್ಯದ ವರದಿಯಲ್ಲಿ ಒಂದೇ ಒಂದು ಟಿಪ್ಪಣಿಯೂ ಇಲ್ಲದೆ ಅಂಕ ಮಾತ್ರ ಬಂದದ್ದನ್ನು ಕಂಡು ನಂಜನಗೂಡಿನ ನಿಲಯಪಾಲಕರು ಬಹಳ ನೊಂದುಕೊಂಡರು. ಅವರು ಮನೆ ಬಿಟ್ಟು ಬಂದ ಮಕ್ಕಳ ಜೊತೆ ರಾತ್ರಿ ಹಗಲು ಇರುವವರು. ಕಲಿಯಲು ಅವರಷ್ಟು ಹಸಿದವರು ತರಗತಿಯಲ್ಲಿ ಇರಲಿಲ್ಲ.

ಇನ್ನೊಂದು ಸಂಗತಿ ಕೊರತೆಯಷ್ಟೇ ಅಲ್ಲ, ಅಪಾಯ. ಕೇಂದ್ರದ ಕಚೇರಿಯ ಕಪಾಟಿನ ಮೇಲೆ ಹಳೆಯ ವಿದ್ಯಾರ್ಥಿಗಳ ಕ್ಷೇತ್ರಕಾರ್ಯದ ಪುಸ್ತಕಗಳನ್ನು ಪೇರಿಸಿಟ್ಟಿದ್ದರು. ಮಾದರಿ ನೋಡಲು ಯಾರು ಬೇಕಾದರೂ ತೆಗೆಯಬಹುದಿತ್ತು. ತೆರೆದರೆ ಮಕ್ಕಳ ನಿಜವಾದ ಹೆಸರು, ತಂದೆಯ ಹೆಸರು, ಊರು, ಶಾಲೆ, ಆದ ಅನ್ಯಾಯದ ವಿವರ ಎಲ್ಲ ಇತ್ತು. ಬಾಲನ್ಯಾಯ ಕಾಯ್ದೆಯ 74ನೆಯ ಕಲಂ ಮಗುವಿನ ಗುರುತು ಹೊರಬೀಳದಂತೆ ತಡೆಯಲೆಂದೇ ಇದೆ, ಉಲ್ಲಂಘನೆಗೆ ಆರು ತಿಂಗಳವರೆಗೆ ಸೆರೆವಾಸ ಅಥವಾ ಎರಡು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡನ್ನೂ ವಿಧಿಸಬಹುದು. ಪೋಕ್ಸೊ ಕಾಯ್ದೆಯ 23ನೆಯ ಕಲಮಿನಲ್ಲೂ ಇಂಥದ್ದೇ ನಿರ್ಬಂಧವಿದೆ. ಸಮಾಜಕಾರ್ಯ ಕಲಿಸುವ ಜಾಗದಲ್ಲೇ ಆ ಮಕ್ಕಳ ಬದುಕು ಹೀಗೆ ಧೂಳು ಹಿಡಿದು ಬಿದ್ದಿರುವುದನ್ನು ನೋಡಿ ನನಗೆ ಸಿಟ್ಟೂ ಸಂಕಟವೂ ಒಟ್ಟಿಗೆ ಬಂದವು. ಲಿಖಿತವಾಗಿ ಬರೆದುಕೊಟ್ಟೆ. ಪುಸ್ತಕಗಳು ಬೀಗ ಹಾಕಿದ ಕೋಣೆಗೆ ಹೋದವು. ಆದರೆ ಹೆಸರು ಬದಲಿಸಿ ಬರೆಯಿರಿ ಎಂಬ ಸೂಚನೆ ವಿದ್ಯಾರ್ಥಿಗಳ ಕೈಪಿಡಿಯಲ್ಲಿ ನಾನು ಹೊರಬರುವವರೆಗೂ ಬರಲಿಲ್ಲ. ನೀವು ಎಲ್ಲಿ ಸೇರಿದರೂ ಮೊದಲ ದಿನದಿಂದಲೇ ಮಕ್ಕಳ ಹೆಸರು, ಊರು ಬದಲಿಸಿ ಬರೆಯಿರಿ. ಯಾರೂ ಹೇಳದಿದ್ದರೂ ಬರೆಯಿರಿ.

ಹಣದ ವಿಷಯ. ನನ್ನ ಗೌರವಧನದಿಂದ ಶುಲ್ಕ ಹೊಂದಿಸುವುದು ಸುಲಭವಾಗಿರಲಿಲ್ಲ, ಸಂಘದಿಂದ ಸಾಲ ತೆಗೆದೆ. ಸಂಸ್ಥೆ ಪರೀಕ್ಷೆಯ ದಿನಗಳಿಗೆ ರಜೆ ಕೊಟ್ಟಿತು, ಹಣ ಕೊಡುವ ಸ್ಥಿತಿಯಲ್ಲಿ ಇರಲಿಲ್ಲ. ನೀತಿಯ ಪತ್ರಿಕೆ ಪಾಠ ಮಾಡಿದ ಬೋಧಕರು ಅಮೆರಿಕದ ಏರ್ಪಾಡನ್ನು ವಿವರಿಸಿದ್ದರು. ಅಲ್ಲಿ 1980ರ ಒಂದು ಕಾನೂನಿನಿಂದ ಸಾಮಾಜಿಕ ಭದ್ರತಾ ಕಾಯ್ದೆಗೆ ನಾಲ್ಕು-ಇ ಎಂಬ ಭಾಗ ಸೇರಿತು. ಮಕ್ಕಳ ಕಲ್ಯಾಣ ಇಲಾಖೆಯ ನೌಕರರ ತರಬೇತಿಗೆ, ಅವರ ಸಮಾಜಕಾರ್ಯ ಪದವಿಗೂ ಸೇರಿದಂತೆ, ರಾಜ್ಯಗಳು ಮಾಡುವ ಅರ್ಹ ವೆಚ್ಚದಲ್ಲಿ ನೂರಕ್ಕೆ 75ರವರೆಗೆ ಒಕ್ಕೂಟ ಸರ್ಕಾರ ಭರಿಸುತ್ತದೆ. ಎಷ್ಟು ಕಾಲ ನೆರವು ಪಡೆದು ಓದಿದರೋ ಕನಿಷ್ಠ ಅಷ್ಟು ಕಾಲ ಇಲಾಖೆಯಲ್ಲೇ ದುಡಿಯಬೇಕು ಎಂಬುದು ಷರತ್ತು. ಅಲ್ಲಿನ ಮಕ್ಕಳ ಕಲ್ಯಾಣ ಒಕ್ಕೂಟದ ಮಾನದಂಡದ ಪ್ರಕಾರ ಒಬ್ಬ ಮೇಲ್ವಿಚಾರಕರ ಕೆಳಗೆ ಐವರು ಕಾರ್ಯಕರ್ತರು ಇರಬೇಕು. ಅದನ್ನು ಕೇಳಿ ತರಗತಿಯಲ್ಲಿ ಎಲ್ಲರೂ ನಿಟ್ಟುಸಿರು ಬಿಟ್ಟೆವು. ಅಲ್ಲಿನ ವ್ಯವಸ್ಥೆಗೆ ಅದರದೇ ತೊಡಕುಗಳಿರುತ್ತವೆ. ಆದರೂ ಓದಿಸಿ, ಓದಿದವರನ್ನು ಮಕ್ಕಳ ಬಳಿಯೇ ಉಳಿಸಿಕೊಳ್ಳುವ ಆ ಷರತ್ತು ನಮ್ಮ ರಾಜ್ಯಕ್ಕೆ ಬರಲಿ ಎಂದು ನಾನು ಮನಸಾರೆ ಬಯಸುತ್ತೇನೆ. ಇಲ್ಲಿ ಗುತ್ತಿಗೆ ನೌಕರಳೊಬ್ಬಳು ತನ್ನ ಸ್ವಂತ ಹಣದಲ್ಲಿ ಎಂ.ಎಸ್.ಡಬ್ಲ್ಯು. ಮುಗಿಸಿದ ಕೂಡಲೇ ಯಾವುದಾದರೂ ಕಾರ್ಖಾನೆಯ ಸಿಬ್ಬಂದಿ ವಿಭಾಗಕ್ಕೆ ಹೋಗಿಬಿಡುತ್ತಾಳೆ. ಅವಳನ್ನು ದೂರುವುದು ಹೇಗೆ? ಅಲ್ಲಿ ಸಂಬಳ ಹೆಚ್ಚು, ಭವಿಷ್ಯ ನಿಧಿ ಇದೆ, ರಾತ್ರಿ ಹನ್ನೊಂದಕ್ಕೆ ಠಾಣೆಯಿಂದ ಫೋನ್ ಬರುವುದಿಲ್ಲ.

ಹಾಗಾದರೆ ಸೇರಬೇಕೇ? ಮಕ್ಕಳ ಜೊತೆ, ಕುಟುಂಬಗಳ ಜೊತೆ ಈಗಾಗಲೇ ದುಡಿದು ಅನುಭವ ಇರುವ ಮೇಲ್ವಿಚಾರಕರು ಖಂಡಿತ ಸೇರಬಹುದು. ಬಡ್ತಿಗೆ ಪದವಿ ಬೇಕು ಎಂಬುದಷ್ಟೇ ಕಾರಣವಾದರೆ ಯಾವ ಕೇಂದ್ರವಾದರೂ ಆಗುತ್ತದೆ. ಕೆಲಸ ಕಲಿಯಬೇಕು ಎಂದಿದ್ದರೆ ಪ್ರವೇಶದ ಅರ್ಜಿ ತುಂಬುವ ಮೊದಲು ಕೇಂದ್ರಕ್ಕೆ ಖುದ್ದಾಗಿ ಹೋಗಿ. ಗ್ರಂಥಾಲಯ, ಉತ್ತೀರ್ಣರಾದವರ ಪ್ರಮಾಣ, ಇವನ್ನು ಆಮೇಲೆ ವಿಚಾರಿಸಿ. ನನ್ನ ಕ್ಷೇತ್ರಕಾರ್ಯದ ಮಾರ್ಗದರ್ಶಕರು ಯಾರಾಗುತ್ತಾರೆ, ಅವರು ಮಕ್ಕಳ ಅಥವಾ ಆಸ್ಪತ್ರೆಯ ಕ್ಷೇತ್ರದಲ್ಲಿ ಸ್ವತಃ ಕೆಲಸ ಮಾಡಿದ್ದಾರೆಯೇ, ಅವರಿಗೆ ಎಷ್ಟು ಜನ ವಿದ್ಯಾರ್ಥಿಗಳಿದ್ದಾರೆ, ಒಬ್ಬೊಬ್ಬರ ಜೊತೆ ವಾರಕ್ಕೆ ಎಷ್ಟು ಹೊತ್ತು ಕೂರುತ್ತಾರೆ ಎಂದು ಕೇಳಿ. ಸಾಧ್ಯವಾದರೆ ಹಿಂದಿನ ವರ್ಷದ ವಿದ್ಯಾರ್ಥಿಯೊಬ್ಬರನ್ನು ಹುಡುಕಿ, ಅವರ ಕ್ಷೇತ್ರಕಾರ್ಯದ ವರದಿಯ ಅಂಚಿನಲ್ಲಿ ಮಾರ್ಗದರ್ಶಕರು ಏನಾದರೂ ಬರೆದಿದ್ದರೇ ಎಂದು ವಿಚಾರಿಸಿ. ಹೌದು ಎಂದರೆ ಸಾಲ ಮಾಡಿಯಾದರೂ ಸೇರಿ. ನಾಳೆ ನೋಡೋಣ, ಯಾರನ್ನಾದರೂ ಕೊಡುತ್ತೇವೆ ಎಂಬ ಉತ್ತರ ಬಂದರೆ ಬೇರೆ ಕೇಂದ್ರ ನೋಡಿಕೊಳ್ಳಿ.

ಕ್ಷೇತ್ರಕಾರ್ಯವನ್ನು ನಿಮ್ಮ ಸ್ವಂತ ಸಂಸ್ಥೆಯಲ್ಲೇ ಮಾಡುವ ಅವಕಾಶ ಕೊಟ್ಟರೆ ಕನಿಷ್ಠ ಒಂದು ವರ್ಷ ಅದನ್ನು ಬೇಡವೆನ್ನಿ. ನಾನು ಮೊದಲ ವರ್ಷ ಮೈಸೂರಿನಲ್ಲಿ, ಯಾರಿಗೂ ನನ್ನ ಹುದ್ದೆ ಗೊತ್ತಿರದ ಕಡೆ ಕೆಲಸ ಮಾಡಿದೆ. ಇನ್ನೊಬ್ಬರ ಕೈಕೆಳಗೆ ಮತ್ತೆ ಕಲಿಯುವವಳಾಗಿ ನಿಂತಾಗ ನಮ್ಮ ಕಾರ್ಯಕರ್ತೆಯರಿಗೆ ಏನು ಬೇಕು ಎಂಬುದು ಬೇಗ ಹೊಳೆಯುತ್ತದೆ. ಎರಡನೆಯ ವರ್ಷ ನಿಮ್ಮ ಜಿಲ್ಲೆಗೆ ಬನ್ನಿ, ನಿಮ್ಮ ತಂಡದ ಸಮಸ್ಯೆಗಳನ್ನೇ ಮಾರ್ಗದರ್ಶಕರ ಮುಂದಿಡಿ.

ಓದಿನ ಜೊತೆಗೆ ನಿಮ್ಹಾನ್ಸ್‌ನ ‘ಸಂವಾದ್’ ನಡೆಸುವ ಮಕ್ಕಳ ಮಾನಸಿಕ ಆರೋಗ್ಯದ ತರಬೇತಿಗಳ ಕಡೆಗೂ ಕಣ್ಣಿಡಿ. ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯದ ಬೆಂಬಲದಿಂದ 2020ರಲ್ಲಿ ಶುರುವಾದದ್ದು ಅದು. ನೊಂದ ಮಗುವಿನ ಜೊತೆ ಮಾತು ಆರಂಭಿಸುವುದು ಹೇಗೆ ಎಂಬಂಥ ವಿಷಯದಲ್ಲಿ ಪದವಿಯ ಪಠ್ಯ ಬಿಟ್ಟ ಜಾಗವನ್ನು ಅಂಥ ತರಬೇತಿ ತುಂಬುತ್ತದೆ. ಅರ್ಜಿ ಹಾಕುವಾಗ ನಿಮ್ಮ ಕಚೇರಿಯಿಂದ ಕ್ಷೇತ್ರಕಾರ್ಯದ ದಿನಗಳಿಗೆ ಲಿಖಿತ ಅನುಮತಿ ಪಡೆದು ಅದರ ಪ್ರತಿಯನ್ನು ಜೊತೆಗೆ ಲಗತ್ತಿಸಿ. ಬಾಯಿಮಾತಿನ ಒಪ್ಪಿಗೆ ನಂಬಿಕೊಂಡಿದ್ದ ಇಬ್ಬರು ಸಹಪಾಠಿಗಳು ಮೇಲಧಿಕಾರಿ ವರ್ಗವಾದ ಮೇಲೆ ನಡುವೆಯೇ ಓದು ಬಿಡಬೇಕಾಯಿತು.